ಒಂದು ರಿಂಗಿನ ನಿರಾಳ

ಹುಬ್ಬಳ್ಳಿಯ ಶಿವಗಂಗವ್ವ ಹಂಚಿನಮನಿಯ ಎದುರು ಚೌಕಾಶಿಗೆ ನಿಂತು ಗೆದ್ದ ಮನುಷ್ಯ ಮೂರು ಲೋಕದಲ್ಲೂ ಇರಲಿಲ್ಲ. ಕಾಯಿಪಲ್ಲೆ ಮಾರುವವರು ಅವಳ ಓಣಿಗೆ ಕಾಲಿಡುವ ಮೊದಲು ಮೂಲೆಯ ಹನುಮಪ್ಪನಿಗೆ ಕೈ ಮುಗಿದು, ಹೆಂಡತಿ ಮಕ್ಕಳಿಗೆ ಹೇಳಬೇಕಾದ್ದನ್ನೆಲ್ಲ ಹೇಳಿಯೇ ಬರುತ್ತಿದ್ದರು. ಒಂದು ಸೂಡು ಕೊತ್ತಂಬರಿಗೆ ಅವಳು ಶುರು ಮಾಡಿದ ಮಾತು ಮುಗಿಯುವಷ್ಟರಲ್ಲಿ ಆ ಕೊತ್ತಂಬರಿ ಹೂಬಿಟ್ಟು, ಬೀಜ ಕಟ್ಟಿ, ಗಾಡಿಯ ಮೇಲೆಯೇ ಮತ್ತೆ ಮೊಳಕೆ ಒಡೆದದ್ದನ್ನು ಕಣ್ಣಾರೆ ಕಂಡವರು ಇಂದಿಗೂ ಓಣಿಯಲ್ಲಿದ್ದಾರೆ.

ಅಂಥ ಶಿವಗಂಗವ್ವ ಒಂದು ಬೆಳಗ್ಗೆ ಸೋತಳು.

"ಎಷ್ಟಂದಿ?"

"ಕಿಲೋಕ್ಕ ಅರವತ್ತು, ಯವ್ವಾ."

"ಬದನಿಕಾಯಿಗೆ ಬಂಗಾರದ ತೊಟ್ಟು ಕುಂದರಿಸೀಯೇನು? ಅರವತ್ತಕ್ಕ ನಿನ್ನ ಗಾಡಿ ಬಿಟ್ಟು ಹೋಗು, ನೋಡೋಣ."

ಆಗ ಅವಳ ಸೊಂಟದ ಸಂಚಿಯೊಳಗಿನ ಮೊಬೈಲು ಒಂದೇ ಒಂದು ಸಲ ರಿಂಗಾಗಿ ನಿಂತಿತು. ಶಿವಗಂಗವ್ವನ ಮುಖದ ಗಂಟುಗಳೆಲ್ಲ ಒಮ್ಮೆಗೇ ಸಡಿಲವಾದವು. "ಮುಟ್ಟಿದ್ಲು," ಎಂದಳು ಗಾಡಿಗೂ ಅಲ್ಲ, ಗಾಡಿಯವನಿಗೂ ಅಲ್ಲ. ಆಮೇಲೆ, "ಅರವತ್ತಂದಿ ಅಲ್ಲ? ಎರಡು ಕಿಲೋ ಹಾಕು," ಎಂದು ದುಡ್ಡು ಎಣಿಸಿ ಕೊಟ್ಟುಬಿಟ್ಟಳು. ಗಾಡಿಯವನು ಹೆದರಿ ತಕ್ಕಡಿ ಅಲ್ಲೇ ಬಿಟ್ಟು ಓಡಿದ. ಮುಂದೆ ಅವನು ಕಾಯಿಪಲ್ಲೆಯ ಧಂದೆಯನ್ನೇ ತೊರೆದನಂತೆ.

ಆ ರಿಂಗು ಸೊಸೆ ಕಸ್ತೂರಿಯದು. ಕಸ್ತೂರಿ ದನದ ಡಾಕ್ಟರು. ಸುತ್ತಲಿನ ಹಳ್ಳಿಗಳ ಎಮ್ಮೆಗಳು ಅವಳ ಸ್ಕೂಟರಿನ ಸಪ್ಪಳ ಕೇಳಿದರೆ ತಾವೇ ಸಾಲಾಗಿ ನಿಂತು ಸೂಜಿಗೆ ಬೆನ್ನು ಕೊಡುತ್ತಿದ್ದವು. ಮದುವೆಯಾಗಿ ಬಂದಂದಿನಿಂದ ಒಂದು ರೂಢಿ: ಹೋದ ಊರು ಮುಟ್ಟಿದ ಕೂಡಲೇ ಅತ್ತೆಗೆ ಒಂದು ಮಿಸ್ ಕಾಲ್. ಅದನ್ನು ಎತ್ತಬಾರದು, ತಿರುಗಿ ಮಾಡಲೂಬಾರದು. ಮಾತಿಗೆ ಕಾಸು ಬೀಳುತ್ತಿದ್ದ ಕಾಲದ ರೂಢಿ ಅದು. ಮಾತು ಪುಕ್ಕಟೆಯಾದ ಮೇಲೂ ಉಳಿದುಕೊಂಡಿತ್ತು. ಯಾಕೆಂದರೆ ದಾರಿಯ ಮೇಲಿರುವವರನ್ನು ಕರೆದು ಎಲ್ಲಿದ್ದೀ ಎಂದು ಕೇಳುವುದು ಅಪಶಕುನವೆಂದು ಶಿವಗಂಗವ್ವನ ಗಟ್ಟಿ ನಂಬಿಕೆ. ಕೇಳಿದವರ ಅನುಮಾನವೇ ಹೋಗಿ ಗಾಲಿಗೆ ತೊಡರುತ್ತದಂತೆ. ಹಾಗಾಗಿ ಅವಳು ಕೇಳುತ್ತಿರಲಿಲ್ಲ, ಕಾಯುತ್ತಿದ್ದಳು. ಬೆಳಗಿನ ಎರಡನೆಯ ಚಹಾ ಒಲೆಯ ಮೇಲೆ ಸಣ್ಣ ಉರಿಯಲ್ಲಿ ಕಾಯುತ್ತಿತ್ತು. ರಿಂಗು ಬಂದರೆ ಮಾತ್ರ ಅದು ಬಸಿಗೆ ಇಳಿಯುತ್ತಿತ್ತು. ತೀರಾ ತಡವಾದರೆ ಮೂಲೆಯ ಆಟೋದ ಮೌಲಾಲಿಯನ್ನು ಕಳಿಸುತ್ತಿದ್ದಳು. ಹಿಂದೊಮ್ಮೆ ಹಾಗೆ ಕಳಿಸಿದಾಗ, ನಡುದಾರಿಯಲ್ಲಿ ಪಂಕ್ಚರ್ ಆಗಿ ಕೂತಿದ್ದ ಕಸ್ತೂರಿಯನ್ನು ಅವನು ಸ್ಕೂಟರ್ ಸಮೇತ ಆಟೋದಲ್ಲಿ ಹೇರಿಕೊಂಡು ಬಂದಿದ್ದ.

ಬದನೆಕಾಯಿಯ ಆ ಸೋಲನ್ನು ಕಟ್ಟೆಯ ಮೇಲೆ ಹಲ್ಲುಜ್ಜುತ್ತ ಕೂತಿದ್ದ ಮಗ ಫಕೀರೇಶ ನೋಡಿದ. ಅವನ ತಲೆಯೊಳಗೆ ಬಿದ್ದ ಬೆಳಕಿಗೆ ಓಣಿಯ ದೀಪದ ಕಂಬಗಳೆಲ್ಲ ನಾಚಿ ತಲೆ ತಗ್ಗಿಸಿದವು. ಬಾಯಿ ಮುಕ್ಕಳಿಸುವುದನ್ನೂ ಮರೆತು, ಬಾಯ್ತುಂಬ ನೊರೆ ಇಟ್ಟುಕೊಂಡೇ ಆಫೀಸಿಗೆ ಓಡಿದ.

ಫಕೀರೇಶ ‘ಮಿಣುಕು’ ಕಂಪನಿಯಲ್ಲಿ ವಿನ್ಯಾಸಕಾರ. ಮೊಬೈಲು ಜೇಬಿನಿಂದ ಎದ್ದು ಮಣಿಕಟ್ಟಿಗೆ ಬಂದ ಕಾಲ ಅದು. ಕೈಪಟ್ಟಿ ಎನ್ನುತ್ತಿದ್ದರು. ವೀಳ್ಯದೆಲೆಯಷ್ಟು ತೆಳ್ಳಗಿನ ಆ ಪಟ್ಟಿ ಮಾತಾಡುತ್ತಿತ್ತು, ಹಾಡುತ್ತಿತ್ತು, ನಾಡಿ ಹಿಡಿಯುತ್ತಿತ್ತು, ಬೆವರಿನ ರುಚಿ ನೋಡಿ ಮನಸ್ಸಿನ ಸುದ್ದಿ ಹೇಳುತ್ತಿತ್ತು. ಮಿಣುಕಿನ ಆರನೇ ಮಹಡಿಯ ನಿಯಂತ್ರಣ ಕೊಠಡಿಯಂತೂ ಎಷ್ಟು ತಣ್ಣಗಿತ್ತೆಂದರೆ, ಅಲ್ಲಿ ಆಡಿದ ಮಾತು ಗಟ್ಟಿಯಾಗಿ ನೆಲಕ್ಕೆ ಬಿದ್ದು ಚೂರಾಗುತ್ತಿತ್ತು. ಗೋಡೆಯ ತುಂಬ ಒಂದೇ ಪರದೆ. ಪರದೆಯ ತುಂಬ ಹುಬ್ಬಳ್ಳಿ, ಧಾರವಾಡ, ಸುತ್ತಲಿನ ಎರೆಭೂಮಿ. ಅದರ ತುಂಬ ಸಾಸಿವೆ ಚೆಲ್ಲಿದಂತೆ ಚುಕ್ಕಿಗಳು. ಒಂದೊಂದು ಚುಕ್ಕಿಯೂ ಪಟ್ಟಿ ಕಟ್ಟಿದ ಒಂದೊಂದು ಕೈ. ಕಳವಳಗೊಂಡ ಕೈ ಕೆಂಪು, ನಿರಾಳವಾದ ಕೈ ಹಸಿರು.

ಫಕೀರೇಶ ಅಲ್ಲಿ ನಿಂತು ಹೇಳಿದ್ದು ಇಷ್ಟೇ: ತಮ್ಮವರು ಮುಟ್ಟಿದರೆಂಬ ರಿಂಗು ಬಂದ ಗಳಿಗೆ ಎದೆಬಡಿತ ಇಳಿಯುತ್ತದೆ, ಬೆರಳ ತುದಿಯ ಬೆವರು ಆರುತ್ತದೆ, ಉಸಿರು ಉದ್ದಕ್ಕೆ ಹೊರಗೆ ಬರುತ್ತದೆ. ಆ ಒಂದು ಉಸಿರಿನಷ್ಟು ಹೊತ್ತು ಮನುಷ್ಯನ ಬಾಯಿಗೆ ‘ಬೇಡ’ ಎನ್ನುವ ಮಾತೇ ಬರುವುದಿಲ್ಲ. ಪೇಟೆಯವರು ಜಾಹೀರಾತಿಗೆಂದು ಗೋಡೆ, ಬಸ್ಸು, ಆಕಾಶ ಎಲ್ಲವನ್ನೂ ಬಾಡಿಗೆಗೆ ಹಿಡಿದಿದ್ದಾರೆ. ಈ ಉಸಿರೊಂದು ಖಾಲಿ ಇದೆ.

ಅವನ ವಿನ್ಯಾಸದ ಚಂದವೆಂದರೆ ಅದರಲ್ಲಿ ಒತ್ತಲು ಗುಂಡಿಯೇ ಇರಲಿಲ್ಲ. ರಿಂಗು ಬರುತ್ತದೆ, ಉಸಿರು ಇಳಿಯುತ್ತದೆ, ಪಟ್ಟಿಯ ಮೇಲೆ ಹಸಿರಾಗಿ ಒಂದು ಸಾಮಾನಿನ ಚಿತ್ರ ಅರಳುತ್ತದೆ. ಬೇಡ ಎಂದರೆ ಬಾಡಿ ಹೋಗುತ್ತದೆ. ಸುಮ್ಮನಿದ್ದರೆ ಕೊಂಡಂತೆ. ಇದಕ್ಕೆ ‘ನಿರಾಳ’ ಎಂದು ಹೆಸರಿಟ್ಟರು. ಮೊದಲ ಪಟ್ಟಿಗಳನ್ನು ಫಕೀರೇಶ ಅವ್ವನಿಗೂ ಹೆಂಡತಿಗೂ ತಾನೇ ಕಟ್ಟಿದ. ಊರಿಗೆ ಊರೇ ಸುಮ್ಮನಿದ್ದು ಕೊಂಡುಕೊಂಡಿತು. ಮಗ ಹಾಸ್ಟೆಲು ಮುಟ್ಟಿದನೆಂದು ತಿಳಿದ ತಾಯಂದಿರು ಹಾಸಿಗೆ ಕೊಂಡರು. ಮಗಳು ಬಸ್ಸಿಳಿದಳೆಂದು ತಿಳಿದ ಬೋಳುತಲೆಯ ಅಪ್ಪಂದಿರು ಡಜನುಗಟ್ಟಲೆ ಬಾಚಣಿಗೆ ಕೊಂಡರು.

ಆಮೇಲೆ ಒಂದು ತೊಡಕು ಕಂಡಿತು. ಹಳ್ಳಿಗಳ ತಗ್ಗುದಿಣ್ಣೆಯಲ್ಲಿ ಸಿಗ್ನಲ್ ಸಿಗುತ್ತಿರಲಿಲ್ಲ. ಮುಟ್ಟಿದವರು ರಿಂಗು ಕೊಟ್ಟರೂ ತಲುಪುತ್ತಿರಲಿಲ್ಲ, ಮರೆಯುವವರು ಮರೆಯುತ್ತಿದ್ದರು. ಎಷ್ಟೋ ನಿರಾಳಗಳು ವ್ಯರ್ಥ. ಕಂಪನಿಯ ಮುಖ್ಯಸ್ಥೆ ರಂಜನಿ ಕಾಮತ್ ಕೇಳಿದಳು: "ಫಕೀರೇಶ್, ಹೊರಟವರು ಹೆಚ್ಚುಕಡಿಮೆ ಎಲ್ಲರೂ ಮುಟ್ಟಿಯೇ ಮುಟ್ಟುತ್ತಾರಲ್ಲ? ಹಾಗಿದ್ದ ಮೇಲೆ ಅವರು ರಿಂಗು ಕೊಡುವ ತನಕ ನಾವು ಯಾಕೆ ಕಾಯಬೇಕು?"

ಅಲ್ಲಿಂದ ಯಂತ್ರವೇ ಲೆಕ್ಕ ಹಾಕಿ, ಇಷ್ಟೊತ್ತಿಗೆ ಮುಟ್ಟಿರಬೇಕೆಂದು ಕಂಡಾಗ, ಅವರ ಹೆಸರಿನಲ್ಲಿ ತಾನೇ ಒಂದು ರಿಂಗು ಕೊಡತೊಡಗಿತು. ಹಿಂದಿನಿಂದ ನಿಜವಾದ ರಿಂಗು ಬಂದರೆ? ಎರಡು ಸಲ ಕೇಳಿದರೆ ಮನೆಯವರು ಗಾಬರಿಯಾಗುತ್ತಾರೆ. ಆದ್ದರಿಂದ ಆ ಎರಡನೆಯದನ್ನು ಯಂತ್ರ ಸದ್ದಿಲ್ಲದೆ ನುಂಗುತ್ತಿತ್ತು. ಯಾರಿಗೂ ಗೊತ್ತಾಗಲಿಲ್ಲ, ಯಾರೂ ತಿರುಗಿ ಕರೆದು ಕೇಳುವ ಪೈಕಿ ಅಲ್ಲವಲ್ಲ. ಜನ ಮುಟ್ಟುತ್ತಲೇ ಇದ್ದರು, ರಿಂಗು ಖರೆಯಾಗುತ್ತಲೇ ಇತ್ತು.

ಮೂರನೆಯದು ಪೂರ್ತಿ ಫಕೀರೇಶನ ತಲೆಯದೇ. ಕಳವಳ ಹೆಚ್ಚಿದ್ದಷ್ಟೂ ನಿರಾಳದ ಉಸಿರು ಉದ್ದ. ಹಾಗಾದರೆ ಹುಲ್ಲಿನಲ್ಲಿ ಮುಚ್ಚಿಟ್ಟ ಮಾವಿನಕಾಯಿಯಂತೆ ಕಳವಳವನ್ನು ಒಂದಿಷ್ಟು ಹಣ್ಣು ಮಾಡಿದರೇನು? ರಿಂಗು ಬಂದಿದ್ದರೂ ತುಸು ತಡೆದು, ಜೀವ ಬಾಯಿಗೆ ಬರುವ ಹೊತ್ತಿಗೆ ಬಿಟ್ಟರಾಯಿತು. ಇದಕ್ಕೆ ಅವನಿಗೆ ಸಿಕ್ಕ ಬಹುಮಾನದ ಫಲಕ ಎಷ್ಟು ದೊಡ್ಡದಿತ್ತೆಂದರೆ, ಮನೆಯೊಳಗೆ ಒಯ್ಯಲು ಬಾಗಿಲಿನ ಚೌಕಟ್ಟು ಕೀಳಬೇಕಾಯಿತು.

ಕಿತ್ತ ಮೇಲೂ ಒಳಗೆ ಜಾಗವಿರಲಿಲ್ಲ. ಊರಿನಲ್ಲೇ ಅತಿ ಹೆಚ್ಚು ಕಳವಳಪಡುವ ಜೀವ ಯಾವುದೆಂದು ಯಂತ್ರಕ್ಕೆ ಗೊತ್ತಿತ್ತು. ಶಿವಗಂಗವ್ವನ ಮನೆ ಸಾಮಾನಿನಿಂದ ಬಿರಿಯುತ್ತಿತ್ತು. ಅಡುಗೆಮನೆಗೆ ಹೋಗಲು ಕುಕ್ಕರುಗಳ ಗುಡ್ಡ ಹತ್ತಿ ಇಳಿಯಬೇಕು. ಬಂದ ನೆಂಟರು ಮಿಕ್ಸರುಗಳ ನಡುವೆ ದಾರಿ ತಪ್ಪಿ, ವಾಸನೆ ಹಿಡಿದು ಊಟದ ಎಲೆ ಹುಡುಕುತ್ತಿದ್ದರು.

"ಅತ್ತೀ, ಈ ಮನ್ಯಾಗ ಮನಷ್ಯಾರಿಗಿಂತ ಕುಕ್ಕರ ಹೆಚ್ಚಾದ್ವು," ಎಂದಳು ಒಂದು ಸಂಜೆ ಕಸ್ತೂರಿ, ಕಾಲಿಡಲು ಜಾಗ ಹುಡುಕುತ್ತ. "ನಾಳೆ ನಾ ಒಂದು ಎಮ್ಮಿ ತಂದು ಕಟ್ಟತೇನಿ. ಕುಕ್ಕರಿನ್ಯಾಗ ಹಾಲು ಹಿಂಡೋಣ."

"ನಾ ಎಲ್ಲಿ ತಗೋತೇನವ್ವ? ಅವು ತಾವs ಬರ್ತಾವ," ಎಂದಳು ಶಿವಗಂಗವ್ವ. "ನೀ ಮುಟ್ಟಿದಿ ಅಂತ ಗೊತ್ತಾದ ಕೂಡಲೇ ನನ್ನ ಕೈಕಾಲಾಗಿನ ಶಕ್ತಿನs ಹೋಗ್ತದ. ಬ್ಯಾಡ ಅನ್ನಾಕ ಬಾಯಿ ಏಳಂಗಿಲ್ಲ. ಅದಿರಲಿ, ಇವತ್ತ ಯಾಕ ಅಷ್ಟು ತಡಾ ಮಾಡಿದಿ? ಮೌಲಾಲಿನ್ನ ಕರೀಬೇಕು ಅನ್ನೂದ್ರಾಗ ಬಂತು ನಿನ್ನ ರಿಂಗು."

ಕಸ್ತೂರಿ ಕೈಯಲ್ಲಿದ್ದ ಚೀಲ ಕೆಳಗಿಟ್ಟಳು. "ತಡಾ? ನಾ ಮುಟ್ಟಿದ ಕೂಡಲೇ ಹೊಡದೇನ್ರಿ." ಗಂಡನ ಕಡೆ ತಿರುಗಿದಳು. "ರೀ, ನಿಮ್ಮ ಕಂಪನಿ ಏನರ ಕಿತಾಪತಿ ಮಾಡಾಕತ್ತೇತೇನು?"

"ನೆಟ್‌ವರ್ಕ್ ಅಂದ್ರ ಹಂಗs ಇರ್ತದ," ಎಂದ ಫಕೀರೇಶ ರೊಟ್ಟಿ ಮುರಿಯುತ್ತ. "ಎಮ್ಮಿಗೆ ಸೂಜಿ ಚುಚ್ಚಿದಷ್ಟು ಸರಳ ಅಲ್ಲ ಅದು."

"ಎಮ್ಮಿಗೆ ಸುಳ್ಳು ಹೇಳಾಕ ಬರಂಗಿಲ್ಲ, ಅಷ್ಟು ಸರಳ ಐತಿ." ಅವಳು ನಗಲಿಲ್ಲ. "ಅತ್ತಿ ಚಾ ಕಾಸಿಕೊಂಡು ಹೆಂಗ ಕುಂತಿರ್ತಾರಂತ ನಾ ಒಂದು ಸಲ ಅರ್ಧ ಹಾದ್ಯಾಗಿಂದ ತಿರುಗಿ ಬಂದಾಗ ನೋಡೇನಿ. ನೀವು ಒಂದು ದಿನ ಮನ್ಯಾಗ ಕುಂತು ಅವರ ಮಾರಿ ನೋಡ್ರಿ."

ಫಕೀರೇಶನಿಗೆ ನೋಡುವ ಅಗತ್ಯ ಕಾಣಲಿಲ್ಲ. ಅವ್ವನ ಮುಖ ದಿನಾ ಅವನ ಗೋಡೆಯ ಮೇಲೆಯೇ ಇತ್ತು, ಕೆಂಪು ಚುಕ್ಕಿಯಾಗಿ.

ಶ್ರಾವಣದ ಒಂದು ಬೆಳಗ್ಗೆ, ಮೋಡ ಮನೆಗಳ ಮಾಳಿಗೆಗೆ ತಲೆ ತಿಕ್ಕುತ್ತಿದ್ದಾಗ, ಇಂಗಳಕಟ್ಟಿಯಿಂದ ಕರೆ ಬಂತು. ಎಮ್ಮೆಯೊಂದು ಈಯಲಾರದೆ ಒದ್ದಾಡುತ್ತಿತ್ತು. ಇಂಗಳಕಟ್ಟಿ ಬೆಣ್ಣಿಹಳ್ಳದ ಸೇತುವೆಯ ಆಚೆ. ಕಸ್ತೂರಿ ರೇನ್‌ಕೋಟು ಏರಿಸಿ ಸ್ಕೂಟರ್ ಒದ್ದಳು. ಶಿವಗಂಗವ್ವ ಬಾಗಿಲಲ್ಲಿ ನಿಂತಳು, ರೂಢಿಯಂತೆ ಏನೂ ಕೇಳಲಿಲ್ಲ. "ಬರ್ತೇನ್ರಿ ಅತ್ತೀ," ಎಂದಳು ಕಸ್ತೂರಿ. "ಚಾ ಆರಿಸಬ್ಯಾಡ್ರಿ."

ಆ ದಿನವೇ ಮಿಣುಕಿಗೆ ದೊಡ್ಡ ಅತಿಥಿಗಳು ಬಂದಿದ್ದರು. ಇಬ್ಬರು. ಅವರು ಮನಸ್ಸು ಮಾಡಿದರೆ ‘ನಿರಾಳ’ ಹುಬ್ಬಳ್ಳಿಯಿಂದ ಎದ್ದು ಏಳು ಸಮುದ್ರ ದಾಟಿ, ಜಗತ್ತಿನ ತಾಯಂದಿರ ಮಣಿಕಟ್ಟಿಗೆಲ್ಲ ಏರುವುದಿತ್ತು. ರಂಜನಿ ಕಾಮತ್ ಹೊಸ ಸೀರೆ ಉಟ್ಟಿದ್ದಳು. ಫಕೀರೇಶನ ಬೂಟು ಎಷ್ಟು ಹೊಳೆಯುತ್ತಿತ್ತೆಂದರೆ ಪರದೆಯ ಚುಕ್ಕಿಗಳೆಲ್ಲ ಅದರಲ್ಲೂ ಕಾಣುತ್ತಿದ್ದವು.

"ಅಂಕಿ ಸಂಖ್ಯೆ ಬೇಡ," ಎಂದ ಅವನು ಅತಿಥಿಗಳಿಗೆ. "ಒಂದು ಜೀವಂತ ಕಳವಳ ತೋರಿಸುತ್ತೇನೆ." ಪರದೆಯ ಮೇಲೆ ತನ್ನ ಓಣಿಯನ್ನು ಹಿಗ್ಗಿಸಿದ. ನಡುವೆ ಒಂದು ಚುಕ್ಕಿ ಹುಂಜದ ಜುಟ್ಟಿನಂತೆ ಕೆಂಪಗೆ ಅದುರುತ್ತಿತ್ತು. "ಇವರು ನನ್ನ ತಾಯಿ. ನನ್ನ ಹೆಂಡತಿ ಹಳ್ಳಿಗೆ ಹೋಗಿದ್ದಾಳೆ. ಇವರು ರಿಂಗಿಗೆ ಕಾಯುತ್ತಿದ್ದಾರೆ. ನೋಡಿ, ಹಣ್ಣಾಗುತ್ತಿದೆ."

ಅತಿಥಿಗಳು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಚುಕ್ಕಿ ಇನ್ನಷ್ಟು ಕೆಂಪಾಯಿತು. ಆ ಕೆಂಪು ಕೊಠಡಿಯ ಬಿಳಿ ಗೋಡೆಗಳಿಗೆ ಹತ್ತಿ, ರಂಜನಿ ಕಾಮತಳ ಸೀರೆಗೆ ಹತ್ತಿ, ಅತಿಥಿಗಳ ಕನ್ನಡಕಕ್ಕೆ ಹತ್ತಿತು. ಅಷ್ಟು ಮಾಗಿದ ಕಳವಳವನ್ನು ಆ ಪರದೆ ಹಿಂದೆಂದೂ ಕಂಡಿರಲಿಲ್ಲ.

ಪರದೆ ನೋಡಿಕೊಳ್ಳುವ ಮೌನೇಶ ಹತ್ತಿರ ಬಂದು ಕಿವಿಯಲ್ಲಿ ಉಸುರಿದ: "ಸರ, ಇದು ನಾವು ತಡದದ್ದಲ್ಲ. ಮಷಿನ್ ತಾನs ತಡದೈತಿ. ಮೇಡಮ್ಮರ ಪಟ್ಟಿ ಬೆಣ್ಣಿಹಳ್ಳದ ಸಮೀಪ ಸುಮ್ಮನಾಗೈತ್ರಿ. ಲೆಕ್ಕ ಕೂಡವಲ್ದು."

"ಆ ತಗ್ಗಿನ್ಯಾಗ ಯಾವತ್ತ ಸಿಗ್ನಲ್ ಇತ್ತಲೇ?"

"ಇರಲಿಲ್ರಿ. ಆದರ ಮಷಿನ್ ಇಷ್ಟು ಹೊತ್ತು ಅನುಮಾನ ಮಾಡಿದ್ದು ನಾ ನೋಡಿಲ್ಲ. ಒಂದು ಫೋನ್ ಮಾಡಿ ಕೇಳ್ರಲಾ."

ಫಕೀರೇಶ ಅತಿಥಿಗಳ ಕಡೆ ನೋಡಿದ. ಒಬ್ಬ ಗಡಿಯಾರ ನೋಡಿಕೊಳ್ಳುತ್ತಿದ್ದ. ಕಸ್ತೂರಿ ಇಷ್ಟೊತ್ತಿಗೆ ಎಮ್ಮೆಯ ಹೊಟ್ಟೆಯೊಳಗೆ ಮೊಳಕೈವರೆಗೆ ಕೈ ಇಟ್ಟಿರುತ್ತಾಳೆ, ಫೋನ್ ಎತ್ತುವುದಿಲ್ಲ. ಎತ್ತಿದರೂ ಬೈಯುತ್ತಾಳೆ, ಅದೂ ಅತಿಥಿಗಳ ಮುಂದೆ. ಅದಲ್ಲದೆ ದಾರಿಯವರನ್ನು ಕರೆದು ಎಲ್ಲಿದ್ದೀ ಎಂದು ಕೇಳುವುದು ಅವನಿಗೂ ಒಗ್ಗದ ಮಾತು. ಅದೇ ಮನೆಯಲ್ಲಿ ಬೆಳೆದವನು ಅವನು.

"ಮುಟ್ಟಿರ್ತಾಳ ಬಿಡೋ. ಎಲ್ಲಿಗೆ ಹೋಗ್ತಾಳ?" ಎಂದ. ಯಂತ್ರವನ್ನು ಬದಿಗೆ ಸರಿಸಿ ರಿಂಗನ್ನು ತನ್ನ ಕೈಯಿಂದಲೇ ಬಿಟ್ಟ.

ಓಣಿಯ ನಡುವಿನ ಚುಕ್ಕಿ ಒಮ್ಮೆ ನಡುಗಿ, ಹಸಿರಿನ ಹೊಂಡವಾಗಿ ತೆರೆದುಕೊಂಡಿತು. ಎಂಥ ಹಸಿರು! ಎರೆಭೂಮಿಯ ಅಷ್ಟೂ ಜೋಳ ಒಂದೇ ಸಲ ತೆನೆ ಬಿಟ್ಟಂತೆ. ಆ ಒಂದು ಉಸಿರಿನೊಳಗೆ ಶಿವಗಂಗವ್ವ ಹಿತ್ತಾಳೆಯ ಕೊಡಗಳ ಸಾಲು, ಎರಡು ಕಪಾಟು, ಹೊಲಿಗೆ ಯಂತ್ರ, ಯಾವ ಒಂದಕ್ಕೂ ಬೇಡ ಅನ್ನಲಿಲ್ಲ. ಅತಿಥಿಗಳು ಎದ್ದು ನಿಂತು ತಟ್ಟಿದ ಚಪ್ಪಾಳೆಗೆ ಧಾರವಾಡದ ಪಾರಿವಾಳಗಳು ಗೂಡು ಬಿಟ್ಟು ಹಾರಿದವು. ಪರದೆಯ ಮೂಲೆಯಲ್ಲಿ ಕಸ್ತೂರಿಯ ಚುಕ್ಕಿಯ ಮೇಲೆ ‘ಮುಟ್ಟಿದ್ದಾರೆ’ ಎಂದು ಬಿದ್ದು, ಆ ಪ್ರಯಾಣ ಮುಚ್ಚಿಹೋಯಿತು. ಮುಟ್ಟಿದವರ ಬಗ್ಗೆ ಯಂತ್ರಕ್ಕೆ ಆಸಕ್ತಿ ಇರಲಿಲ್ಲ.

ಇಂಗಳಕಟ್ಟಿಯ ಎಮ್ಮೆಯ ಯಜಮಾನ ಫೋನ್ ಮಾಡಿದ್ದು ಸಂಜೆಯ ಮೇಲೆ. ಅತಿಥಿಗಳನ್ನು ಕಳಿಸಿ ಫಕೀರೇಶ ಆಗಷ್ಟೇ ಮೆಟ್ಟಿಲು ಇಳಿಯುತ್ತಿದ್ದ.

"ಸಾಹೇಬ್ರ, ಡಾಕ್ಟರ್ ಅಕ್ಕಾರು ಬರಲಿಲ್ಲಲ್ರಿ ಇವತ್ತ? ಎಮ್ಮಿ ಹೋತ್ರಿ. ಅಕ್ಕಾರಿಗೆ ಆರಾಮ ಐತಿಲ್ಲೊ ಅಂತ ಕೇಳಾಕ ಮಾಡಿದೆ."

ಮೌಲಾಲಿಯ ಆಟೋದಲ್ಲಿ ಹೋದರು. ಹಳ್ಳದ ಸೇತುವೆಗೆ ತುಸು ಮೊದಲು ರಸ್ತೆಯ ಮೇಲೆ ಎರೆಮಣ್ಣು ಹರಡಿತ್ತು. ಅದರಲ್ಲಿ ಒಂದು ಗಾಲಿಯ ಗೆರೆ ಅಂಚಿನ ತನಕ ಹೋಗಿ ನಿಂತಿತ್ತು. ಕೆಳಗೆ ಜಾಲಿಕಂಟಿಯಲ್ಲಿ ಸ್ಕೂಟರು ಸಿಕ್ಕಿಕೊಂಡಿತ್ತು. ಕಸ್ತೂರಿ ಇನ್ನೂ ಕೆಳಗಿದ್ದಳು. ತೊಡೆ ಮುರಿದಿತ್ತು. ಅದರಿಂದ ಅವಳು ಸಾಯುತ್ತಿರಲಿಲ್ಲ ಎಂದು ಡಾಕ್ಟರು ಆಮೇಲೆ ಹೇಳಿದರು. ಹಳ್ಳಕ್ಕೆ ನೀರು ಬಂದದ್ದು ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ. ಕುರಿ ಕಾಯುವ ಒಬ್ಬ ಅದನ್ನು ದೂರದಿಂದ ನೋಡಿದ್ದ. ಬೆಳಗಿನಿಂದ ಮಧ್ಯಾಹ್ನದವರೆಗೆ ಅಲ್ಲಿ ನೀರು ಇರಲಿಲ್ಲ. ಕೈಪಟ್ಟಿ ಅವಳ ಮಣಿಕಟ್ಟಿನಲ್ಲೇ ಇತ್ತು.

ಮಣ್ಣು ಮಾಡಿ ಬಂದ ಮೇಲೆ ಮನೆಗೆ ಹಿತ್ತಾಳೆಯ ಕೊಡಗಳು ಬಂದವು. ಕಪಾಟುಗಳು ಬಂದವು. ಇಳಿಸಲು ಬಂದ ಹುಡುಗರು ಅಂಗಳದ ಜನರನ್ನು ಕಂಡು, ಸಾಮಾನನ್ನು ಗೋಡೆಗೆ ಆನಿಸಿ, ಚಪ್ಪಲಿ ಕೈಯಲ್ಲಿ ಹಿಡಿದು ಹೋದರು.

ಶಿವಗಂಗವ್ವ ಅಡುಗೆಮನೆಯ ಹೊಸ್ತಿಲಲ್ಲಿ ಕೂತವಳು ಏಳಲಿಲ್ಲ. ಚಹಾ ಮುಟ್ಟಲಿಲ್ಲ. ಬಂದವರೆಲ್ಲ ಪಟ್ಟಿ ತೆಗೆದಿಡು ಎಂದರು, ತೆಗೆಯಲಿಲ್ಲ. ಬಲಗೈಯಿಂದ ಎಡಗೈಯ ಮಣಿಕಟ್ಟನ್ನು ಮುಚ್ಚಿ ಹಿಡಿದು, ಅದರೊಳಗೆ ಯಾವುದೋ ಹಕ್ಕಿಮರಿ ಇದ್ದಂತೆ ಕೂತಿದ್ದಳು. ಫಕೀರೇಶ ಹತ್ತಿರ ಹೋದಾಗ ಒಂದೇ ಮಾತು:

"ಅಕಿ ನನ್ನ ಕರದ್ಲೋ."

"ಯವ್ವಾ…"

"ಬಿದ್ದಲ್ಲಿಂದ ಕರದ್ಲು. ಒಂದು ರಿಂಗಿನಷ್ಟs ಶಕ್ತಿ ಇತ್ತೇನೋ ಕೂಸಿಗೆ. ನಾ ಮುಟ್ಟಿದ್ಲು ಅಂದೆ. ಆವಾಗ ಮೌಲಾಲಿನ್ನ ಕರಿಯಾಕ ಚಪ್ಪಲಿ ಮೆಟ್ಟಿದ್ದೆ. ಚಪ್ಪಲಿ ಬಿಟ್ಟು ಒಳಗ ಬಂದೆ. ಚಾ ಕುಡದೆ." ಅವಳು ಮಗನ ಮುಖ ನೋಡಿದಳು. "ಸಕ್ರಿ ಹಾಕ್ಕೊಂಡು ಕುಡದೆ."

ಅದನ್ನೇ ಮರುದಿನವೂ ಹೇಳಿದಳು. ಅದರ ಮರುದಿನವೂ. ಅವಳ ಸೀರೆಯ ಗಂಟು ದಿನದಿಂದ ದಿನಕ್ಕೆ ಸಡಿಲವಾಗುತ್ತಿತ್ತು. ಹೀಗೇ ಉಪವಾಸ ಕೂತರೆ ಕಷ್ಟ ಎಂದು ಬಂದ ಡಾಕ್ಟರು ಹೊರಗೆ ಕರೆದು ಹೇಳಿದರು.

ಫಕೀರೇಶ ಆಫೀಸಿಗೆ ಹೋದ. ರಂಜನಿ ಕಾಮತ್ ಎದ್ದು ಬಂದು ಅವನ ಕೈ ಹಿಡಿದುಕೊಂಡಳು. ಕಣ್ಣು ಒರೆಸಿಕೊಂಡಳು, ಅದು ಸುಳ್ಳಾಗಿರಲಿಲ್ಲ. "ಎಷ್ಟು ದಿನ ಬೇಕೋ ಅಷ್ಟು ರಜೆ ತಗೊಳ್ಳಿ," ಎಂದಳು. ಆಮೇಲೆ ದನಿ ತಗ್ಗಿಸಿ, "ಆ ಅತಿಥಿಗಳು ಒಪ್ಪಿದ್ದಾರೆ. ನಿಮಗೆ ಹೇಳಬೇಕೋ ಬೇಡವೋ ಗೊತ್ತಾಗಲಿಲ್ಲ."

ನಿಯಂತ್ರಣ ಕೊಠಡಿಯಲ್ಲಿ ಮೌನೇಶ ಒಬ್ಬನೇ ಇದ್ದ. ಎದ್ದು ನಿಂತ.

"ಆ ದಿನದ್ದು ತಿರುಗಿ ತೋರಸು," ಎಂದ ಫಕೀರೇಶ.

"ಬ್ಯಾಡ್ರಿ ಸರ."

"ತೋರಸಲೇ."

ಪರದೆಯ ಮೇಲೆ ಆ ಬೆಳಗ್ಗೆ ಮತ್ತೆ ಆಯಿತು. ಓಣಿಯ ಚುಕ್ಕಿ ಕೆಂಪೇರಿತು, ಹಸಿರಾಯಿತು. ಮೌನೇಶ ಅಲ್ಲಿಗೆ ನಿಲ್ಲಿಸಲು ನೋಡಿದ. ಫಕೀರೇಶ ಅವನ ಕೈ ಹಿಡಿದ. ಹಸಿರಾದ ಸ್ವಲ್ಪ ಹೊತ್ತಿಗೆ ಬೆಣ್ಣಿಹಳ್ಳದ ತಗ್ಗಿನಿಂದ ಒಂದು ಸಣ್ಣ ಹಳದಿ ಎಳೆ ಎದ್ದಿತು. ಒಂದು ರಿಂಗಿನ ಎಳೆ. ಅದು ಹೊಲಗಳ ಮೇಲೆ ಹಾದು ಹುಬ್ಬಳ್ಳಿಯ ಕಡೆ ಬಂತು, ಊರಿನ ಅಂಚಿನಲ್ಲಿ ಕಾಣದಾಯಿತು. ಮತ್ತೊಂದು ಎದ್ದಿತು. ಅಲ್ಲೇ ಕಾಣದಾಯಿತು. ಮತ್ತೊಂದು.

"ತಗ್ಗಿನ್ಯಾಗ ಸಿಗ್ನಲ್ ಹಿಡಿಲಾರದs ಒಂದು ರಿಂಗಿಗೆ ಕಟ್ ಆಗ್ಯಾವ್ರಿ," ಎಂದ ಮೌನೇಶ ನೆಲ ನೋಡುತ್ತ. "ಮುಟ್ಟಿದ್ದಾರೆ ಅಂತ ಮೊದಲs ಬಿದ್ದಿತ್ತಲ್ರಿ. ಮಷಿನ್ ಇವನ್ನ ಹಿಂದಿನಿಂದ ಬಂದ ಮಿಸ್ ಕಾಲ್ ಅಂತ ತಿಳಕೊಂಡು…"

"ನುಂಗೇತಿ."

"ಹೌದ್ರಿ."

ಎಳೆಗಳು ಏಳುತ್ತಲೇ ಇದ್ದವು. ಎಲ್ಲವೂ ಓಣಿಯ ಆ ಒಂದೇ ಚುಕ್ಕಿಯ ಕಡೆಗೆ. ನೀರು ಬರುವ ಹೊತ್ತಿಗೆ ಮಾತ್ರ ಎಳೆಯೊಂದು ದಿಕ್ಕು ಬದಲಿಸಿ ಈ ಕಟ್ಟಡದ ಕಡೆಗೆ, ಆರನೇ ಮಹಡಿಯ ಕಡೆಗೆ ಬಂತು. ಅದನ್ನೂ ಯಂತ್ರ ನುಂಗಿತು. ಮನೆಯ ಒಬ್ಬರಿಗೆ ಮುಟ್ಟಿದ ಸುದ್ದಿ ಹೋದರೆ ಉಳಿದವರಿಗೆ ಬರುವ ರಿಂಗನ್ನೂ ನುಂಗಬೇಕೆಂದು ವಿನ್ಯಾಸ ಮಾಡಿದವನು ಫಕೀರೇಶನೇ. ಆಮೇಲೆ ಪರದೆಯಲ್ಲಿ ಆ ಕಡೆ ಏನೂ ಇರಲಿಲ್ಲ.

ಈಗಿನ ಹೊತ್ತಿನ ಪರದೆ ಹಿಂದಿರುಗಿದಾಗ ಓಣಿಯಲ್ಲಿ ಕೆಂಪು ಚುಕ್ಕಿ ಉರಿಯುತ್ತಿತ್ತು. ಆ ದಿನದ ಕೆಂಪು ಇದರ ಮುಂದೆ ಏನೂ ಅಲ್ಲ. ಅದರ ಸುತ್ತ ಬಂಗಾರದ ಬಣ್ಣದ ಒಂದು ಉಂಗುರ ತಿರುಗುತ್ತಿತ್ತು.

"ಆ ಉಂಗುರ ಏನಲೇ?"

ಮೌನೇಶ ತಡವರಿಸಿದ. "ಮಷಿನ್ ತಾನs ಹಾಕೇತ್ರಿ. ಇಡೀ ಊರಾಗ ಇಷ್ಟು ಮಾಗಿದ್ದು ಇನ್ನೊಂದಿಲ್ಲಂತ. ರಿಂಗು ಇರಲಿ ಬಿಡಲಿ, ಯಾವಾಗರ ನಿರಾಳ ಆದ್ರ… ಸಾಮಾನು ತೋರಸೂದ್ರಾಗ ಅವರಿಗೆ ಮೊದಲನೇ ಸರತಿ."

"ತಗಿ ಅದನ್ನ."

"ಇಲ್ಲಿಂದ ಬರಂಗಿಲ್ರಿ. ಕಟ್ಟಿಕೊಂಡವರs ಬಿಚ್ಚಬೇಕು. ಆ ವಿನ್ಯಾಸ ನಿಮ್ಮದs ಐತಲ್ರಿ."

ಫಕೀರೇಶ ಮನೆಗೆ ನಡೆದೇ ಬಂದ. ಕೊಡಗಳನ್ನು ದಾಟಿ, ಕುಕ್ಕರುಗಳನ್ನು ದಾಟಿ ಅಡುಗೆಮನೆಯ ಹೊಸ್ತಿಲಲ್ಲಿ ಅವ್ವನ ಎದುರು ಕೂತ. ಯಾರೋ ಇಟ್ಟುಹೋದ ಚಹಾ ಅವಳ ಪಕ್ಕದಲ್ಲಿ ಕೆನೆಗಟ್ಟಿತ್ತು.

"ಅಕಿ ನನ್ನ ಕರದ್ಲೋ," ಎಂದಳು ಶಿವಗಂಗವ್ವ.

"ಆ ರಿಂಗು ಅಕೀದಲ್ಲ ಯವ್ವಾ."

ಅವಳಿಗೆ ತಿಳಿಯಲಿಲ್ಲ.

"ಅಕಿ ಹೊಡದದ್ದಲ್ಲ. ನಾ ಹೊಡದದ್ದು. ಆಫೀಸಿನ್ಯಾಗ ಕುಂತು ಅಕಿ ಹೆಸರಲೇ ನಾ ಬಿಟ್ಟೆ. ಮಂದಿಗೆ ತೋರಸಾಕ. ನೀ ಅಕಿನ್ನ ಬಿಟ್ಟು ಚಾ ಕುಡೀಲಿಲ್ಲ. ನಾ ಕುಡಸಿದೆ."

ಶಿವಗಂಗವ್ವ ಮಗನನ್ನು ನೋಡಿದಳು. ಚೌಕಾಶಿಗೆ ನಿಂತಾಗ ತಕ್ಕಡಿಯ ಮುಳ್ಳನ್ನು ನೋಡುತ್ತಿದ್ದ ಅದೇ ನೋಟ. ಅವನು ಹೊಡೆತಕ್ಕೆ ಕಾದ. ಬೈಗುಳಕ್ಕೆ ಕಾದ. ಹೊರಗೆ ಮೌಲಾಲಿಯ ಆಟೋ ಶುರುವಾಗಿ, ಓಣಿಯ ತಿರುವು ದಾಟಿ ಹೋಯಿತು.

"ಹಂಗಾರ…" ಎಂದಳು ಅವಳು. "ಹಂಗಾರ ಅಕಿ ನನ್ನ ಕರೀಲೇ ಇಲ್ಲೇನು? ಬಿದ್ದ ಮ್ಯಾಲೆ? ಖರೇ ಹೇಳು. ಒಂದು ಸಲಾನೂ ಕರೀಲಿಲ್ಲೇನು?"

ಹೊಲಗಳ ಮೇಲೆ ಹಾದು ಬಂದ ಹಳದಿ ಎಳೆಗಳು ಫಕೀರೇಶನ ಕಣ್ಣ ಮುಂದೆ ಒಂದೊಂದಾಗಿ ಎದ್ದವು.

"ಇಲ್ಲ ಯವ್ವಾ," ಎಂದ. "ಬಿದ್ದ ಕೂಡಲೇ ಎಚ್ಚರ ತಪ್ಪಿತ್ತಂತ. ಒಂದು ಸಲಾನೂ ಕರೀಲಿಲ್ಲ."

"ಖರೇನ?"

"ಖರೇನ."

ಶಿವಗಂಗವ್ವನ ಭುಜಗಳು ಇಳಿದವು. ಮಣಿಕಟ್ಟನ್ನು ಮುಚ್ಚಿ ಹಿಡಿದಿದ್ದ ಬಲಗೈ ಸಡಿಲವಾಗಿ ಮಡಿಲಿಗೆ ಜಾರಿತು. ಅಷ್ಟು ದಿನದಿಂದ ಎದೆಯಲ್ಲಿ ಸಿಕ್ಕಿಕೊಂಡಿದ್ದ ಉಸಿರು ಉದ್ದಕ್ಕೆ, ನಡುಗುತ್ತ ಹೊರಗೆ ಬಂತು.

ಕೈ ಸರಿದ ಮಣಿಕಟ್ಟಿನ ಪಟ್ಟಿಯ ಮೇಲೆ ಹಸಿರು ಬೆಳಕು ಅರಳಿತು. ಬೆಳಕಿನ ನಡುವೆ ಹೊಗೆಯಾಡುವ ಚಹಾದ ಕಪ್ಪುಗಳ ಒಂದು ಚಂದದ ಸೆಟ್ಟು, ಮಗ್ಗುಲಲ್ಲಿ ಅರ್ಧ ಬೆಲೆ ಎಂಬ ಅಕ್ಷರ. ಫಕೀರೇಶ ಅವ್ವನ ಬಾಯಿಯನ್ನೇ ನೋಡಿದ.

ಅವಳು ಬೇಡ ಅನ್ನಲಿಲ್ಲ.